ಉಷ್ಣ ಇಳಿದ ದಿನ

ನಮ್ಮ ಕಡೆ ಹವೆ ಎಂದರೆ ಹೊಡೆಯುವ ಸಂಗತಿ. ಬಿಸಿಲು ಹೊಡೆಯುತ್ತದೆ, ಥಂಡಿ ಹೊಡೆಯುತ್ತದೆ, ಗಾಳಿ ಬಡಿಯುತ್ತದೆ, ಆಣೆಕಲ್ಲು ಜಜ್ಜುತ್ತದೆ, ಸಿಡಿಲಿನ ಮಾತಂತೂ ಬೇಡವೇ ಬೇಡ. ಬೆಂಗಳೂರಿನಿಂದ ಬರುತ್ತಿದ್ದ ಹವಾಮಾನ ವರದಿಯಲ್ಲಿ ಮಾತ್ರ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಅಲ್ಲಿ ಒಣ ಹವೆ "ಇರಲಿದೆ", ಮೋಡ "ಕವಿಯಲಿದೆ", ಗಾಳಿ "ಬೀಸುವ ಸಾಧ್ಯತೆ ಇದೆ". ಓದಿದರೆ ಮದುವೆ ಕಾರ್ಡು ಓದಿದ ಹಾಗೆ ಅನಿಸುತ್ತಿತ್ತು. ಸಿಟ್ಟು ಬರುತ್ತಿತ್ತು ನನಗೆ.

ನಾನು ಆಗ ಬೀದರಿನ ಒಂದು ನಾಲ್ಕು ಪುಟದ ದಿನಪತ್ರಿಕೆಯಲ್ಲಿದ್ದೆ. ಕೊನೆಯ ಪುಟದ ಕೆಳಗೆ, ನಿಧನ ವಾರ್ತೆಗಳ ಪಕ್ಕದಲ್ಲಿ "ಇಂದಿನ ಹವೆ" ಎಂಬ ಅಂಗೈಯಗಲದ ಚೌಕವಿತ್ತು. ಅದು ನನ್ನದು. ಸಂಜೆ ಫ್ಯಾಕ್ಸಿನಲ್ಲಿ ವರದಿ ಬರುತ್ತಿತ್ತು. ಬೀದರ, ಭಾಲ್ಕಿ, ಔರಾದ ಕಡೆಗೆ ಸಂಬಂಧಪಟ್ಟಿದ್ದನ್ನು ಹೆಕ್ಕಿ ನಾನು ಬರೆಯುತ್ತಿದ್ದೆ, ಸಂಪಾದಕರು ತಿದ್ದುತ್ತಿದ್ದರು. ಅವರು ಔರಾದ ತಾಲೂಕಿನವರೇ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹಸಿವಾದರೆ "ಏ, ಎರಡ ಭಜಿ ತರ್ರಿ" ಎಂದು ನಮ್ಮ ಹಾಗೇ ಕೂಗುವವರು, ಕೆಂಪು ಪೆನ್ನು ಕೈಗೆ ಬಂತೋ ಬೇರೆಯೇ ಮನುಷ್ಯರಾಗಿಬಿಡುತ್ತಿದ್ದರು. ಥಂಡಿ ಎಂದು ಬರೆದರೆ ಶೀತ ಆಗುತ್ತಿತ್ತು, ಹವಾ ಎಂದರೆ ವಾತಾವರಣ. ಈ ಕಡೆ ಮರಾಠಿ, ಆ ಕಡೆ ತೆಲುಗು, ನಡುವೆ ಉರ್ದು. ಇಲ್ಲಿ ಕನ್ನಡ ಕೆಟ್ಟರೆ ಮತ್ತೆ ಸಿಗುವುದಿಲ್ಲ ಎನ್ನುವುದು ಅವರ ವಾದ. ಅವರ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಯಿಂದಲೂ ಕೊರಳು ಹಿಚುಕಬಹುದು ಎಂದು ನನಗೆ ಗೊತ್ತಾದದ್ದು ಆ ವರ್ಷ.

ನಮ್ಮ ಊರು ಭಾಲ್ಕಿ ತಾಲೂಕಿನ ಮೆಹಕರ. ಅವ್ವ ಅಲ್ಲೇ ಇದ್ದಳು. ಆಕೆಯೂ ಹೊಡೆಯುವವಳೇ. ಹುಣ್ಣಿಮೆಯ ದಿನ ಬಿಳಿ ಸೀರೆ ಉಟ್ಟು ಬುದ್ಧ ವಿಹಾರದಲ್ಲಿ ಕೂತು, ಯಾವ ಜೀವಕ್ಕೂ ನೋವು ಮಾಡುವುದಿಲ್ಲ ಎಂದು ಎಲ್ಲರೊಂದಿಗೆ ದನಿಗೂಡಿಸಿ ಬರುತ್ತಿದ್ದಳು. ಬಂದವಳೇ ಹಿಟ್ಟಿನ ಡಬ್ಬಿ ಮುಚ್ಚಿಲ್ಲವೆಂದು ಅಕ್ಕನಿಗೂ ನನಗೂ ಸರಿಯಾಗಿ ಬಾರಿಸುತ್ತಿದ್ದಳು. ಆ ಕೈ ನನಗೆ ಬಂದಿದೆ. ಅಕ್ಕನಿಗೆ ಬರಲಿಲ್ಲ. ಅಕ್ಕ ಹೊಡೆತ ತಿನ್ನುವವಳು, ಹಾಗೆಂದೇ ಔರಾದ ಕಡೆಯ ಒಂದು ಹಳ್ಳಿಗೆ ಕೊಟ್ಟ ಮೇಲೂ ಅವಳ ಸಂಸಾರ ನಡೆಯಿತು.

ಮಳೆ ಎರಡನೆಯ ವರ್ಷವೂ ಕೈಕೊಟ್ಟಿತ್ತು. ಬಾವಿಗಳ ತಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ದೀಪಾವಳಿ ಮುಗಿದ ಕೂಡಲೇ ಗಡಿಯಾಚೆಯಿಂದ ಲಾರಿಗಳು ಬರತೊಡಗಿದವು, ಕಬ್ಬು ಕಡಿಯಲು ಜನರನ್ನು ತುಂಬಿಕೊಂಡು ಹೋಗಲಿಕ್ಕೆ. ಕಬ್ಬು ಕಡಿಯುವ ಕತ್ತಿಗೆ ಕೋಯ್ತಾ ಎನ್ನುತ್ತಾರೆ. ಕೂಲಿಯವರ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ಕೋಯ್ತಾ. ಗಂಡ ಕಡಿಯಬೇಕು, ಹೆಂಡತಿ ಸಿವುಡು ಕಟ್ಟಿ ಹೊತ್ತು ಲಾರಿಗೆ ಏರಿಸಬೇಕು. ಒಬ್ಬನೇ ಗಂಡಸು ಬಂದರೆ ಮುಕಾದಮ ಹತ್ತಿಸಿಕೊಳ್ಳುವುದಿಲ್ಲ, ಅರ್ಧ ಕೋಯ್ತಾ ಯಾವನಿಗೆ ಬೇಕು ಎಂದು ಇಳಿಸಿಬಿಡುತ್ತಾನೆ. ಮುಕಾದಮ ಎಂದರೆ ಕೂಲಿಯವರನ್ನು ಹೊಂದಿಸಿ ಒಯ್ಯುವ ಮೇಸ್ತ್ರಿ.

ಅಕ್ಕ ಆಗ ಮೆಹಕರದಲ್ಲಿ ಅವ್ವನ ಹತ್ತಿರ ಬಾಣಂತಿ. ಹೆಣ್ಣು ಕೂಸು. ಕೊರಳು ಇನ್ನೂ ನಿಂತಿರಲಿಲ್ಲ. ಅವ್ವ ಮಂಚದ ಕೆಳಗೆ ಕೆಂಡದ ಬೋಗುಣಿ ಇಟ್ಟು, ಕಿವಿಗೆ ಅರಳೆ ತುರುಕಿ, ತಾಯಿ ಮಗು ಇಬ್ಬರನ್ನೂ ಉಪ್ಪಿನಕಾಯಿಯಂತೆ ಮುಚ್ಚಿಟ್ಟಿದ್ದಳು. ಅಲ್ಲಿಗೆ ಭಾವ ಬಂದ. ಲಾರಿ ಭಾಲ್ಕಿಗೆ ಬರುತ್ತದೆ, ಹೆಂಡತಿಯನ್ನು ಕಳಿಸಿರಿ ಎಂದ. ಹಸಿ ಬಾಣಂತಿಯನ್ನು ತೆರೆದ ಲಾರಿಯಲ್ಲಿ ಹಗಲು ರಾತ್ರಿ ಓಡಿಸಿ ಕೊಲ್ಲುತ್ತೀಯಾ ಎಂದು ಅವ್ವ ಕೊರಡು ಎತ್ತಿದಳು. ಭಾವ ಕೆಟ್ಟವನಲ್ಲ, ಹೆದರಿದವನು. ಹೆದರಿದವರ ಕೈ ಬಹಳ ಓಡುತ್ತದೆ ಎಂಬುದು ಅಕ್ಕನ ಬೆನ್ನಿಗೆ ಗೊತ್ತಿತ್ತು.

ಆ ವರ್ಷ ಥಂಡಿಯೇ ಬಿದ್ದಿರಲಿಲ್ಲ ಎಂಬುದು ಭಾವನ ವಾದಕ್ಕೆ ಬಲ. ನಿಜವೇ. ಚಳಿಗಾಲದಲ್ಲೂ ಫ್ಯಾನು ತಿರುಗುತ್ತಿದ್ದವು. ಮಕ್ಕಳಿಗೆ ಮೈತುಂಬ ಗುಳ್ಳೆ, ದೊಡ್ಡವರಿಗೆ ಉರಿಮೂತ್ರ, ಯಾರಿಗೋ ಮೂಗಿನಲ್ಲಿ ರಕ್ತ. ಎಲ್ಲಕ್ಕೂ ಒಂದೇ ಮಾತು: "ಉಷ್ಣ ಆಗ್ಯಾದ್ರಿ." ಮೊಸರು ಸಿಕ್ಕರೆ ಕುಡಿ, ಉಷ್ಣ ಇಳಿಸು. ಇಡೀ ಜಿಲ್ಲೆಯೇ ಉಷ್ಣ ಇಳಿಯಲಿ ಎಂದು ಕಾಯುತ್ತ ಕೂತಿತ್ತು.

ಕೊನೆಗೆ ಅವ್ವ ಮತ್ತು ಭಾವನ ನಡುವೆ ಒಂದು ಕರಾರಾಯಿತು. ಅದನ್ನು ಅಕ್ಕ ಎಸ್‌ಟಿಡಿ ಬೂತಿನಿಂದ ಪತ್ರಿಕೆಯ ಆಫೀಸಿಗೆ ಫೋನು ಮಾಡಿ ಹೇಳಿದಳು.

"ನಾಳಿ ಭಾಲ್ಕಿ ತನಕ ಗಂಟು ಕಟಗೊಂಡು ಹೋಗೂದು. ಅಲ್ಲಿ ಮುಂಜಾನಿ ನಿಂದು ಪೇಪರ್ ಬರ್ತದಲ್ಲ, ಅದರಾಗ ಹವಾ ಓದಸೂದು. ಥಂಡಿ ಅದ ಅಂತ ಬರದಿತ್ತಂದ್ರ ನನಗ ವಾಪಸ್ ಕಳಸ್ತಾನಂತ. ಕೂಸಿನ ತಲಿ ಮುಟ್ಟಿ ಹೇಳ್ಯಾನ. ತಂಗಿ, ಥಂಡಿ ಅದ ಅಂತ ಬರಿ."

"ಇಲ್ಲದ ಥಂಡಿ ಹ್ಯಾಂಗ ಬರೀಲಿ?" ಎಂದೆ.

"ಬರಿ ಮತ್ತ," ಎಂದಳು. ಫೋನು ಕಟ್ಟಾಯಿತು.

ಸುಳ್ಳು ಬರೆಯುವ ಪ್ರಸಂಗ ಬರಲಿಲ್ಲ. ಆ ಸಂಜೆಯ ಫ್ಯಾಕ್ಸಿನಲ್ಲೇ ಇತ್ತು: ಉತ್ತರದಿಂದ ತಣ್ಣನೆಯ ಒಣಗಾಳಿ ಇಳಿದು ಬರುತ್ತಿದೆ, ಮೊದಲ ಏಟು ಬೀದರ ಜಿಲ್ಲೆಗೆ. ಓದಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಕೂತು ಬರೆದೆ: "ಇಂದಿನಿಂದ ಥಂಡಿ ಹೊಡೆಯುತ್ತದೆ. ಬೀದರ, ಭಾಲ್ಕಿ, ಔರಾದ ಕಡೆ ಗಾಳಿ ಜೋರು. ಬಾಣಂತಿಯರನ್ನೂ ಹಸುಗೂಸುಗಳನ್ನೂ ಹೊರಗೆ ಒಯ್ಯಬೇಡಿ." ಸಂಪಾದಕರ ಮೇಜಿನ ಮೇಲಿಟ್ಟು, ನಾನಿದ್ದ ಹಾಸ್ಟೆಲಿಗೆ ಹೋಗಿ ಹೊಟ್ಟೆತುಂಬ ಉಂಡು ಮಲಗಿದೆ.

ಬೆಳಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದಾಗ ಅಂಗಡಿಯವನು ಪೇಪರು ಮಡಚಿಟ್ಟು ನಕ್ಕ. "ಚಲೋ ಆತು ನೋಡ್ರಿ ಅಕ್ಕೋರ. ಕಡೀಕೂ ಉಷ್ಣ ಇಳಿತದಂತ."

ಪೇಪರು ಕಸಿದುಕೊಂಡೆ. ಚೌಕದಲ್ಲಿ ಹೀಗಿತ್ತು: "ಒಣ ಹವೆ ಮುಂದುವರಿಯಲಿದೆ. ಕನಿಷ್ಠ ಉಷ್ಣಾಂಶದಲ್ಲಿ ಗಣನೀಯ ಇಳಿಕೆಯಾಗುವ ಸಾಧ್ಯತೆ ಇದೆ."

ಥಂಡಿ ಇಲ್ಲ. ಹೊಡೆತ ಇಲ್ಲ. ಬಾಣಂತಿಯೂ ಇಲ್ಲ, ಕೂಸೂ ಇಲ್ಲ. ಉಷ್ಣ, ಇಳಿಕೆ. ಇಡೀ ಸೀಮೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಎರಡೇ ಎರಡು ಮಾತು. ಗ್ಲಾಸನ್ನು ನಾನು ನೆಲಕ್ಕೆ ಕುಕ್ಕಿದ್ದು ಅದು ಒಡೆದ ಮೇಲೆ ತಿಳಿಯಿತು. ಭಾಲ್ಕಿ ಬಸ್ಸು ಹೊರಡುತ್ತಿತ್ತು, ಓಡಿಹೋಗಿ ಹತ್ತಿದೆ.

ಬಸ್ಸಿನಲ್ಲಿ ಪಕ್ಕಕ್ಕೆ ಬೀದರ ಹತ್ತಿರದ ಕಮಠಾಣ ಹಳ್ಳಿಯ ಗಂಡ ಹೆಂಡತಿ ಕೂತಿದ್ದರು, ಎರಡು ವರ್ಷದ ಹೆಣ್ಣುಮಗು ಹೆಂಡತಿಯ ತೊಡೆಯ ಮೇಲೆ. ಭಾಲ್ಕಿಯಲ್ಲಿ ಯಾವುದಾದರೂ ಲಾರಿಯಲ್ಲಿ ಜಾಗ ಸಿಗಬಹುದೆಂದು ಹೊರಟವರು. ಕಿಟಕಿಗೆ ಗಾಜಿರಲಿಲ್ಲ. ಹೆಂಗಸು ನನ್ನ ಪೇಪರು ಕೇಳಿ ಇಸಿದುಕೊಂಡು, ಮಡಚಿ ಕಿಟಕಿಯ ಸಂದಿಗೆ ತುರುಕಿದಳು. ಆ ಪೇಪರಿಗೆ ಅಷ್ಟು ಕೆಲಸವಾದರೂ ಸಿಕ್ಕಿತಲ್ಲ ಅನಿಸಿತು.

"ಇವತ್ತ ಹೋಗಬ್ಯಾಡ್ರಿ," ಎಂದೆ. "ಥಂಡಿ ಹೊಡಿತದ."

"ಉಷ್ಣ ಇಳಿತದ ಅಂತ ಓದ್ಲತ್ತಿದ್ರಲ್ರಿ ಚಾದ ಅಂಗಡ್ಯಾಗ?"

"ಉಷ್ಣ ಇಳಿಯೂದಂದ್ರೇ ಥಂಡಿ."

ಅವಳು ನಕ್ಕಳು. ಮುಂದಿನ ಹಲ್ಲು ಅರ್ಧ ಮುರಿದಿತ್ತು, ಆದರೂ ಚೆಂದದ ನಗು. "ಇರಲಿ ತಗೋರಿ ಅಕ್ಕೋರ. ಥಂಡಿ ಇಲ್ಲೂ ಹೊಡಿತದ, ಅಲ್ಲೂ ಹೊಡಿತದ. ಅಲ್ಲಿ ಕೆಲಸರೆ ಅದ." ಮಗು ನನ್ನ ಬಳೆ ಎಳೆಯತೊಡಗಿತು. ಭಾಲ್ಕಿ ಬರುವವರೆಗೂ ಎಳೆಯಿತು.

ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಲಾರಿ ನಿಂತಿತ್ತು. ಪಾತ್ರೆ, ಕೌದಿ, ಕೋಳಿ, ಮುದುಕರು, ಮೇಲೆ ಜನ. ಲಾರಿಯ ಮೂಲೆಯಲ್ಲಿ ಅಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿ ಕೂತಿದ್ದಳು. ಅವಳ ಒಂದು ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ಕೆಳಗೆ ಅವ್ವ ಲಾರಿಯ ಹಿಂಬಾಗಿಲಿನ ಸರಪಳಿ ಹಿಡಿದು ನೇತಾಡುತ್ತ, ಮುಕಾದಮನ ಮೂರು ತಲೆಮಾರನ್ನು ಬಯ್ಯುತ್ತಿದ್ದಳು. ಭಾವನ ಕೈಯಲ್ಲಿ ಪೇಪರಿತ್ತು. ಓದಲು ಬಾರದವನು ಅದನ್ನು ತಲೆಕೆಳಗಾಗಿ ಹಿಡಿದಿದ್ದ.

"ನೋಡ್, ನಿನ್ನ ತಂಗಿನೇ ಬಂದ್ಳು," ಎಂದು ಲಾರಿಯ ಕಡೆ ಕೂಗಿದ. ನನ್ನ ಕಡೆ ತಿರುಗಿದ. "ಉಷ್ಣ ಇಳಿತದ ಅಂತ ನೀನೇ ಬರದಿ. ಗಂಜ್ ಬಜಾರದ ಸಾವುಕಾರ ಓದಿ ಹೇಳ್ಯಾನ. ಈಗೇನು ಝಗಡಾ?"

"ಅದು ಥಂಡಿ ಅಂತ ಅರ್ಥ. ಉಷ್ಣಾಂಶ ಅಂದ್ರ ಉಷ್ಣ ಅಲ್ಲ."

"ಉಷ್ಣಾಂಶ ಅಂದ್ರ ಉಷ್ಣ ಅಲ್ಲಂತ!" ಭಾವ ಸುತ್ತಲಿನವರಿಗೆ ಸಾರಿದ. ಲಾರಿಯ ಮೇಲಿನವರು, ಕೆಳಗಿನವರು, ನನ್ನ ಬಸ್ಸಿನಲ್ಲಿ ಬಂದವರು, ಎಲ್ಲರೂ ಗೊಳ್ಳೆಂದು ನಕ್ಕರು. ಕಾಲೇಜು ಕಲಿತು, ಸಾವಿರಾರು ಜನ ಓದುವ ಪೇಪರಿನಲ್ಲಿ ಬರೆದು, ನನ್ನದೇ ಭಾಷೆಯಲ್ಲಿ ನನ್ನದೇ ಜನಕ್ಕೆ ಚಳಿ ಎಂಬ ಒಂದು ಮಾತು ತಿಳಿಸಲಾರದೆ ನಾನು ನಡುಬಯಲಿನಲ್ಲಿ ನಿಂತಿದ್ದೆ. ಅಂಥ ಅವಮಾನ ನನಗೆ ಮತ್ತೆಂದೂ ಆಗಿಲ್ಲ.

"ಕರಾರ ಕರಾರ," ಎಂದ ಭಾವ. "ನಾ ಕೂಸಿನ ತಲಿ ಮುಟ್ಟೀನಿ."

ಕೂಸಿನ ತಲೆ ಎಂದದ್ದೇ ನನಗೆ ಎಲ್ಲಿತ್ತೋ ಸಿಟ್ಟು, ಕೈ ಎತ್ತಿ ಅವನ ದವಡೆಗೆ ಬಾರಿಸಿದೆ. ಅವನೂ ಬಿಡಲಿಲ್ಲ, ತಿರುಗಿಸಿ ಕೊಟ್ಟ. ಕಿವಿಯೋಲೆ ಹರಿದು ಹಾಲೆಯಿಂದ ರಕ್ತ ಬಳಬಳ ಇಳಿಯಿತು. ಮುಕಾದಮ ಮಧ್ಯೆ ಬಂದು ನನ್ನನ್ನು ರಟ್ಟೆ ಹಿಡಿದು ಆಚೆ ದೂಡಿದ. "ಏ, ಹವಾ ಬರಾಬರ್ ಅದ. ಗಾಡಿ ಚಾಲೂ ಮಾಡೋ," ಎಂದು ಡ್ರೈವರನಿಗೆ ಕೂಗಿದ.

ಆಗ ಅವ್ವ ಸರಪಳಿ ಬಿಟ್ಟಳು. ಯಾರದೋ ಗಂಟಿನಿಂದ ಒಂದು ಕೋಯ್ತಾ ಎಳೆದಳು. ಎಲ್ಲರೂ ಹಿಂದೆ ಸರಿದರು, ಮುಕಾದಮನೂ ಸರಿದ. ಅವಳು ಅವನ ಕಡೆ ನೋಡಲೂ ಇಲ್ಲ. "ಹವಾ ಬರಾಬರ್ ಅದ?" ಎಂದಳು. "ನೋಡಮು ತಡಿ, ಎಷ್ಟ ಹವಾ ಅದ!" ಲಾರಿಯ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಗಾಳಿ ತುಂಬುವ ಹಿತ್ತಾಳೆಯ ನಳಿಗೆಗೆ ಕೋಯ್ತಾದ ಹಿಂಬದಿಯಿಂದ ಕಟ್ಟಿಗೆ ಒಡೆಯುವ ಹಾಗೆ ಕುಟ್ಟಿದಳು. ನಳಿಗೆ ಮುರಿದು ಸುಂಯ್ ಎಂದು ಗಾಳಿ ಹೊರಬಿತ್ತು. ಯಾರಿಗೂ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅದೇ ಮಗ್ಗುಲಿನ ಹಿಂದಿನ ಗಾಲಿಗೆ ಹೋಗಿದ್ದಳು. ಅದೂ ಹೋಯಿತು. ಲಾರಿ ಜನರ ಸಮೇತ ಒಂದು ಕಡೆ ವಾಲಿತು. ಪಾತ್ರೆ ಉರುಳಿದವು, ಹೆಂಗಸರು ಚೀರಿದರು, ಒಂದು ಕೋಳಿ ಹಾರಿ ನನ್ನ ಕಾಲ ಮೇಲೆ ಬಿತ್ತು.

ಮೂರನೆಯ ಗಾಲಿಗೆ ಕೈ ಎತ್ತಿದಾಗ ಮುಕಾದಮ ಜ್ಯಾಕಿನ ರಾಡಿನಿಂದ ಅವಳ ತಲೆಗೆ ಹೊಡೆದ.

ಆ ಸಪ್ಪಳ ನಾನು ಹೇಳಲಾರೆ. ಅವ್ವ ಗಾಲಿಗೆ ಒರಗಿ ಕೂತಳು, ಬಿಳಿ ಕೂದಲು ಕೆಂಪಾಯಿತು. ಅಕ್ಕ, ಜನ್ಮದಲ್ಲಿ ಯಾರಿಗೂ ದನಿ ಎತ್ತದ ಅಕ್ಕ, ಕೂಸನ್ನು ಅವುಚಿಕೊಂಡು ಆ ವಾಲಿದ ಲಾರಿಯಿಂದ ಧುಮುಕಿ ಬಂದು ಮುಕಾದಮನ ಕೈಗೆ ಹಲ್ಲು ಹಾಕಿದಳು. ಅವನು ಅವಳ ಮೇಲೆ ರಾಡು ಎತ್ತಿದ. ಅಷ್ಟು ಹೊತ್ತು ಅವನ ಪರವಾಗಿದ್ದ ಭಾವ ಏನೋ ಒದರುತ್ತ ಅವನ ಮೇಲೆ ಬಿದ್ದ. ಇಬ್ಬರೂ ಮಣ್ಣಿನಲ್ಲಿ ಹೊರಳಾಡಿದರು. ಭಾವ ಅವನ ಮುಖವನ್ನು ನೆಲಕ್ಕೆ ತಿಕ್ಕಿದ, ಅವನು ಭಾವನ ಎರಡು ಬೆರಳು ಮುರಿದ. ಲಾರಿಯವರು ಇಳಿದು ಬಂದು ಬಿಡಿಸಿದರು, ಬಿಡಿಸುವ ನೆವದಲ್ಲಿ ಭಾವನನ್ನೂ ನಾಲ್ಕು ಒದ್ದರು. ಅವರ ಸಿಟ್ಟು ನಮ್ಮ ಮೇಲೆಯೇ. ಹೊರಟ ಗಾಡಿಯನ್ನು ನಿಲ್ಲಿಸಿದವರು ನಾವು.

ಕಮಠಾಣದ ಹೆಂಗಸು ಮಗುವನ್ನು ಗಂಡನಿಗೆ ಕೊಟ್ಟು, ಯಾರನ್ನೂ ಕೇಳದೆ ಉಟ್ಟ ಸೀರೆಯ ಸೆರಗು ಹರಿದು ಅವ್ವನ ತಲೆಗೆ ಬಿಗಿಯಾಗಿ ಕಟ್ಟಿದಳು. "ಜೋರ ಹೆಣ್ಮಗಳು," ಎಂದಳು ನನಗೆ. "ನಮ್ಮವ್ವನೂ ಹಿಂಗೇ ಇದ್ಳು." ಗಂಟು ಹಾಕಿ ಮುಗಿಸುವಾಗ ಮೊದಲ ಗಾಳಿ ಬಂತು. ಉತ್ತರದಿಂದ, ಗಂಜಿನ ಕಸವನ್ನೆಲ್ಲ ಎತ್ತಿಕೊಂಡು ಬಂದು ಮುಖಕ್ಕೆ ಎರಚಿತು. ತಣ್ಣಗಿತ್ತು. ನನ್ನ ಹರಿದ ಕಿವಿ ಅದಕ್ಕೆ ಉರಿಯಿತು. ಜನ ನಿಂತಲ್ಲೇ ಒಮ್ಮೆ ನಡುಗಿ, ಮತ್ತೆ ಗಾಲಿ ಬಿಚ್ಚುವ ಕೆಲಸಕ್ಕೆ ತೊಡಗಿದರು.

ಅವ್ವನನ್ನು ಆಟೋದಲ್ಲಿ ದವಾಖಾನೆಗೆ ಒಯ್ದು ಹೊಲಿಗೆ ಹಾಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಮರಳುವ ಹೊತ್ತಿಗೆ ಸಂಜೆಯಾಗಿತ್ತು. ಲಾರಿ ಆಗಷ್ಟೇ ಹೊರಟಿತ್ತು. ಟ್ಯೂಬು ಬದಲಿಸಿ ಗಾಳಿ ತುಂಬಿಸಿದ್ದರು. ಅಕ್ಕ ಕೂತಿದ್ದ ಮೂಲೆಯಲ್ಲಿ ಕಮಠಾಣದ ಹೆಂಗಸು ಕೂತಿದ್ದಳು. ಒಂದು ಕೋಯ್ತಾ ಕಡಿಮೆಯಾಗಿತ್ತು, ಅವರಿಗೆ ಜಾಗ ಸಿಕ್ಕಿತ್ತು. ನಾನು ಲಾರಿಯ ಪಕ್ಕ ಓಡಿದೆ. "ಇಳೀರಿ, ಕೂಸಿಗಿ ಥಂಡಿ ಹೊಡಿತದ," ಎಂದು ಒದರಿದೆ. ಅವಳು ಮುರುಕು ಹಲ್ಲು ಕಾಣುವ ಹಾಗೆ ನಕ್ಕು, "ತಾಡಪತ್ರಿ ಅದ ಅಕ್ಕೋರ, ಹೊದಸ್ತೇನಿ," ಎಂದು ಕೈ ಬೀಸಿದಳು. ಸೀರೆಯ ಸೆರಗು ಅರ್ಧವೇ ಉಳಿದಿತ್ತು.

ಆ ರಾತ್ರಿ ಮೆಹಕರದಲ್ಲಿ ಥಂಡಿ ಎಂಥದಿತ್ತೆಂದರೆ ತೆರೆದಿಟ್ಟ ನೀರಿಗೆ ಕೈ ಹಾಕಿದರೆ ಕಡಿದ ಹಾಗಾಗುತ್ತಿತ್ತು. ಅವ್ವ ತಲೆಗೆ ಪಟ್ಟಿ ಕಟ್ಟಿಕೊಂಡೇ ಕೆಂಡ ಮಾಡಿ ಮಂಚದ ಕೆಳಗೆ ಸರಿಸಿದಳು. ಮುರಿದ ಬೆರಳಿನ ಭಾವ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದ. ಯಾರೂ ಅವನನ್ನು ಸಮಾಧಾನ ಮಾಡಲಿಲ್ಲ. ಆದರೆ ಅವ್ವ ಒಂದು ಕೌದಿ ಅವನ ಕಡೆಗೂ ಒಗೆದಳು.

ಮರುದಿನ ಬೀದರಿಗೆ ಹೋದೆ. ಸಂಪಾದಕರು ಮಫ್ಲರು ಸುತ್ತಿಕೊಂಡು ಕೂತಿದ್ದರು. ಅವರ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ನಿಘಂಟು ಇರುತ್ತಿತ್ತು. "ಉಷ್ಣಾಂಶ ಅಂದ್ರೇನ್ರಿ ಸರ್?" ಎಂದು ಕೇಳಿದೆ. ಅವರು ನನ್ನ ಕಿವಿಯ ಪಟ್ಟಿ ನೋಡುತ್ತ, ಪಾಠ ಮಾಡುವ ದನಿಯಲ್ಲಿ ವಿವರಿಸತೊಡಗಿದರು. ನಿಘಂಟು ಎತ್ತಿ ಒಗೆದೆ. ಅವರ ಭುಜಕ್ಕೆ ಬಡಿದು, ಕನ್ನಡಕ ಹಾರಿಸಿ, ಮಸಿಯ ಡಬ್ಬದ ಮೇಲೆ ಬಿತ್ತು. ನಿನ್ನೆಯದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಅವರು ಬಗ್ಗಿ ಕನ್ನಡಕ ಹುಡುಕಿದರು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಫೋನು ಬಂತು. ಭಾಲ್ಕಿಯ ವರದಿಗಾರ. ಸಂಪಾದಕರು ಕೇಳುತ್ತ ಬರೆದುಕೊಂಡರು, ನಡುವೆ ಒಮ್ಮೆ ಬರೆಯುವುದನ್ನು ನಿಲ್ಲಿಸಿದರು.

ಲಾರಿಯಲ್ಲಿ ಒಂದು ಮಗು ಸತ್ತಿತ್ತು. ಎರಡು ವರ್ಷದ ಹೆಣ್ಣು, ಕಮಠಾಣದವರದು. ಮೇಲೆ ಹೊದಿಸಿದ್ದ ತಾಡಪತ್ರಿ ಗಾಳಿಗೆ ಕಿತ್ತುಕೊಂಡು ಹೋಗಿತ್ತಂತೆ.

ಸಂಪಾದಕರು ಅಭ್ಯಾಸದ ಕೈಯಿಂದ "ಶೀತಗಾಳಿಗೆ ಶಿಶು ಬಲಿ" ಎಂದು ಬರೆದರು. ಬರೆದದ್ದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಕೆಂಪು ಗೆರೆ ಎಳೆದು, "ಥಂಡಿ ಹೊಡೆದು ಕೂಸು ಸತ್ತಿದೆ" ಎಂದು ಬರೆದು, ಹಾಳೆಯನ್ನು ನನ್ನ ಕಡೆ ಸರಿಸಿದರು. ಆ ಚೌಕದ ಕನ್ನಡವನ್ನು ಅವರು ಆಮೇಲೆ ಎಂದೂ ತಿದ್ದಲಿಲ್ಲ. ಅದರಿಂದ ನನಗೇನೂ ಗೆದ್ದಂತೆ ಅನಿಸಲಿಲ್ಲ. ನನ್ನ ಬಳೆ ಎಳೆದ ಬೆರಳು ಆ ಮಗುವಿನವು.

ಅವ್ವನಿಗೆ ಹೇಳಬಾರದೆಂದೇ ಮೆಹಕರಕ್ಕೆ ಹೋದೆ. ಆದರೆ ಅವಳಾಗಿಯೇ ಕೇಳಿದಳು, ತಲೆಗೆ ಸೆರಗು ಕಟ್ಟಿದ ಹೆಣ್ಮಗಳು ಯಾರು, ಒಂದು ಸೀರೆ ಕೊಡಬೇಕು ಅವಳಿಗೆ ಎಂದು. ಆ ಅರ್ಧ ಸೆರಗನ್ನು ಒಗೆದು ಒಣಗಿಸಿ ಮಡಚಿಟ್ಟಿದ್ದಳು. ಹೇಳಿದೆ. ಅಕ್ಕ ಬಾಯಿಗೆ ಕೈ ಹಿಡಿದುಕೊಂಡಳು. ಅವ್ವ ಅಳಲಿಲ್ಲ. ಅಕ್ಕನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಅದರ ಅಂಗಾಲು ತಿಕ್ಕಿದಳು.

"ಎಷ್ಟ ಗಾಲಿ ಇರ್ತಾವ ಲಾರಿಗಿ?" ಎಂದಳು.

"ಆರು."

"ಎರಡರ ಹವಾನೇ ಬಿಟ್ಟೆ," ಎಂದಳು ಅವ್ವ. "ಆರರದೂ ಬಿಡಬೇಕಿತ್ತು."